ಡಿಎನ್‌ಎ ಆರಿಸಿಕೊಡುವ ಕರೆಂಟು

ಒಂದು ಬಾಳೆಹಣ್ಣು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಅರ್ಧ ಚಮಚ ಉಪ್ಪು, ಮೆಡಿಕಲ್ ಸ್ಟೋರಿನಿಂದ ತಂದ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದು ಸಣ್ಣ ಸೀಸೆ. ಇಷ್ಟಿದ್ದರೆ ಸಾಕು ಮಕ್ಕಳೇ, ಡಿಎನ್‌ಎಯನ್ನು ನೀವು ಕಣ್ಣಾರೆ ನೋಡಬಹುದು. ಸೂಕ್ಷ್ಮದರ್ಶಕವೂ ಬೇಡ. ಆದರೆ ಪಕ್ಕದಲ್ಲಿ ತಾತನೋ ಅಜ್ಜಿಯೋ ಇರಲೇಬೇಕು. ಈ ಆಲ್ಕೊಹಾಲು ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುತ್ತದೆ, ಬಾಯಿಗೆ ಹೋದರೆ ವಿಷ. ಹಾಗಾಗಿ ಒಲೆಯಿಂದ ದೂರ, ಕಿಟಕಿ ತೆಗೆದಿರುವ ಕೋಣೆಯಲ್ಲಿ ಮಾಡಿ.

ಮೊದಲು ಸೀಸೆಯ ಮುಚ್ಚಳ ಬಿಗಿದು, ಐಸ್ ಹಾಕಿದ ನೀರಿನಲ್ಲಿ ಇಟ್ಟು ತಣ್ಣಗೆ ಮಾಡಿಕೊಳ್ಳಿ. ಅರ್ಧ ಬಾಳೆಹಣ್ಣನ್ನು ಕಿವುಚಿ, ಅರ್ಧ ಲೋಟ ನೀರು, ಉಪ್ಪು, ಒಂದು ಚಮಚ ಸೋಪು ಸೇರಿಸಿ. ನೊರೆ ಬಾರದ ಹಾಗೆ ಮೆಲ್ಲಗೆ ಕದಡಿ ಹತ್ತು ನಿಮಿಷ ಬಿಡಿ. ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟದಲ್ಲಿ ಎರಡು ಬೆರಳಷ್ಟು ಎತ್ತರಕ್ಕೆ ತೆಗೆದುಕೊಳ್ಳಿ. ಈಗ ತಣ್ಣನೆಯ ಆಲ್ಕೊಹಾಲನ್ನು ಅಷ್ಟೇ ಪ್ರಮಾಣದಲ್ಲಿ ಲೋಟದ ಗೋಡೆಗುಂಟ ನಿಧಾನವಾಗಿ ಇಳಿಬಿಡಿ. ಐದು ನಿಮಿಷ ಅಲುಗಾಡಿಸಬೇಡಿ. ಎರಡು ದ್ರವಗಳು ಸೇರುವ ಜಾಗದಲ್ಲಿ ಬಿಳಿಯ, ಲೋಳೆಲೋಳೆಯಾದ ಎಳೆಗಳು ಹತ್ತಿಯ ಹಾಗೆ ತೇಲಿಬರುತ್ತವೆ. ಅದರಲ್ಲಿದೆ ಬಾಳೆಯ ಡಿಎನ್‌ಎ.

ಎಂಟನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗಳು ಅದನ್ನು ಕಡ್ಡಿಗೆ ಸುತ್ತಿಕೊಂಡು, "ಇಷ್ಟೇನಾ ತಾತ? ಟೆಸ್ಟ್ ಮಾಡೋಕೆ ಆಸ್ಪತ್ರೆಯವರು ಯಾಕೆ ಮತ್ತೆ ಅಷ್ಟು ಹೊತ್ತು ತೊಗೊಳ್ತಾರೆ?" ಎಂದು ಕೇಳಿದಳು. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ ಗುಮಾಸ್ತನಾಗಿ. ಆದರೂ ಪ್ರಶ್ನೆ ಬಿಡಲಿಲ್ಲ. ಪುಸ್ತಕ ಹುಡುಕಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಅವಳಿಗೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಹೊತ್ತು ಹಿಡಿಯುವುದು ಶುಚಿ ಮಾಡುವುದಕ್ಕೆ

ಆ ಬಿಳಿ ಎಳೆ ಬರೀ ಡಿಎನ್‌ಎ ಅಲ್ಲ. ಹಣ್ಣಿನ ಪ್ರೋಟೀನು, ಅಂಟು, ಸೋಪು ಎಲ್ಲವೂ ಅದಕ್ಕೆ ಮೆತ್ತಿಕೊಂಡಿರುತ್ತವೆ. ನೋಡಿ ಸಂತೋಷಪಡಲು ಅಷ್ಟು ಸಾಕು, ಪರೀಕ್ಷೆಗೆ ಸಾಲದು.

ರೋಗಾಣುವಿನ ಡಿಎನ್‌ಎ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಪಿಸಿಆರ್ ಎಂಬ ವಿಧಾನವನ್ನು. ಕೋವಿಡ್ ಕಾಲದಲ್ಲಿ ಈ ಹೆಸರು ಎಲ್ಲರ ಬಾಯಲ್ಲೂ ಇತ್ತು. ಅಮೆರಿಕದ ಕ್ಯಾರಿ ಮುಲ್ಲಿಸ್ ಇದನ್ನು ಕಂಡುಹಿಡಿದದ್ದು 1983ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1993ರಲ್ಲಿ. ಬೇಕಾದ ಡಿಎನ್‌ಎ ತುಣುಕನ್ನು ಇದು ಪ್ರತಿ ಸುತ್ತಿಗೂ ದುಪ್ಪಟ್ಟು ಮಾಡುತ್ತದೆ. ಚಕ್ರಬಡ್ಡಿ ಲೆಕ್ಕ ಹಾಕಿದವರಿಗೆ ಇದರ ಬಲ ಗೊತ್ತು. ಒಂದು ರೂಪಾಯಿ ಮೂವತ್ತು ಸಲ ದುಪ್ಪಟ್ಟಾದರೆ 107 ಕೋಟಿ 37 ಲಕ್ಷ 41 ಸಾವಿರದ 824 ರೂಪಾಯಿ ಆಗುತ್ತದೆ. ಹಾಗೆಯೇ ಒಂದೇ ಒಂದು ತುಣುಕು ಕೋಟಿಗಟ್ಟಲೆಯಾಗಿ, ಯಂತ್ರದ ಕಣ್ಣಿಗೆ ಬೀಳುತ್ತದೆ.

ಆದರೆ ಪಿಸಿಆರ್‌ಗೆ ಕೊಳೆ ಆಗುವುದಿಲ್ಲ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತು ಸ್ವಲ್ಪ ಉಳಿದರೂ ದುಪ್ಪಟ್ಟು ಮಾಡುವ ಕೆಲಸ ನಿಂತುಬಿಡಬಹುದು. ಆಗ ರೋಗಾಣು ಇದ್ದರೂ ಯಂತ್ರ ಇಲ್ಲ ಎನ್ನಬಹುದು.

ನಮ್ಮ ಕ್ಯಾಷ್ ಕೌಂಟರಿನ ಕಥೆಯೂ ಇದೇ. ನೂರು ನೋಟು ಎಣಿಸಲು ಒಂದು ನಿಮಿಷ ಬೇಡ. ಆದರೆ ಕೆ.ಆರ್. ಮಾರುಕಟ್ಟೆಯಿಂದ ಬಂದ ಚೀಲವನ್ನು ಕೌಂಟರಿಗೆ ಸುರಿದರೆ, ಮಡಿಚಿದ್ದನ್ನು ಬಿಡಿಸಿ, ಹರಿದದ್ದನ್ನು, ಒದ್ದೆಯಾದದ್ದನ್ನು ಬೇರೆ ಇಟ್ಟು, ಹತ್ತರದು ಹತ್ತಕ್ಕೆ ನೂರರದು ನೂರಕ್ಕೆ ಮಾಡುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಎಣಿಸುವ ಯಂತ್ರ ಬಂದ ಮೇಲೂ ವಿಂಗಡಿಸುವ ಕೆಲಸ ತಪ್ಪಲಿಲ್ಲ.

ಪ್ರಯೋಗಾಲಯದಲ್ಲಿ ಆ ವಿಂಗಡಣೆ ಹೀಗಿರುತ್ತದೆ. ಮೊದಲು ರಾಸಾಯನಿಕ ಹಾಕಿ ಜೀವಕೋಶಗಳನ್ನು ಒಡೆಯಬೇಕು. ಆಮೇಲೆ ಮರಳಿನ ಜಾತಿಯ ಸಿಲಿಕಾ ಪದರದ ಮೇಲೆ ದ್ರವ ಹಾಯಿಸಿ ಡಿಎನ್‌ಎ ಅಂಟುವಂತೆ ಮಾಡಬೇಕು. ಎರಡು ಮೂರು ಸಲ ತೊಳೆಯಬೇಕು. ನಡುನಡುವೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ, ವಾಷಿಂಗ್ ಮೆಷಿನ್ ಬಟ್ಟೆ ಹಿಂಡುವ ಹಾಗೆ, ಗಿರಗಿರನೆ ತಿರುಗಿಸಬೇಕು. ಕಡೆಗೆ ಡಿಎನ್‌ಎಯನ್ನು ಬಿಡಿಸಿಕೊಳ್ಳಬೇಕು. ಇಪ್ಪತ್ತು ಮೂವತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಜೊತೆಗೆ ಯಂತ್ರ, ರಾಸಾಯನಿಕ, ತರಬೇತಾದ ಕೈ ಎಲ್ಲವೂ ಬೇಕು. ಇವೆಲ್ಲ ಇರುವುದು ದೊಡ್ಡ ಊರಿನಲ್ಲಿ. ಹಳ್ಳಿಯ ರೋಗಿಯ ಮಾದರಿ ಅಲ್ಲಿಗೆ ಪ್ರಯಾಣ ಮಾಡಬೇಕು, ವರದಿ ವಾಪಸು ಬರಬೇಕು. ಹೀಗೆ ನಿಮಿಷಗಳ ಕೆಲಸ ದಿನಗಳಾಗುತ್ತದೆ.

ಕಾಯುವುದರ ಬೆಲೆ

ಕಾಯುವುದೆಂದರೆ ಏನೆಂದು ನಾನು ಹತ್ತಿರದಿಂದ ನೋಡಿದ್ದೇನೆ. 1970ರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯ ಶಾಖೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದರು. ಕೆಮ್ಮು ಬಿಡಲಿಲ್ಲ. ಎಕ್ಸ್‌ರೇಯಲ್ಲಿ ಕಲೆ ಕಂಡಿತು. ಸೂಕ್ಷ್ಮದರ್ಶಕದಲ್ಲಿ ಕಫ ನೋಡಿದರೆ ರೋಗಾಣು ಕಾಣಲಿಲ್ಲ. ಕ್ಷಯವೋ ಅಲ್ಲವೋ ಖಚಿತವಾಗಬೇಕಾದರೆ ಕಫದಲ್ಲಿರುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿಯೇ ನೋಡಬೇಕು ಎಂದರು ವೈದ್ಯರು.

ಕ್ಷಯದ ರೋಗಾಣು ಬೆಳೆಯುವುದು ಬಹಳ ನಿಧಾನ. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ, ಕ್ಷಯದ್ದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಹಾಗಾಗಿ ವರದಿಗೆ ಆರರಿಂದ ಎಂಟು ವಾರ. ಅಷ್ಟು ದಿನ ಅವರು ಕ್ಯಾಂಟೀನಿನ ಕಾಫಿಗೆ ಮನೆಯಿಂದ ಬೇರೆ ಲೋಟ ತರುತ್ತಿದ್ದರು. ಅವರ ಹೆಂಡತಿ ಹತ್ತು ತಿಂಗಳ ಮಗುವನ್ನು ಕರೆದುಕೊಂಡು ತವರಿಗೆ ಹೋದರು. "ಹುಳು ಬೆಳೆಯೋ ತನಕ ನಾನೇನು ಮಾಡ್ಲಿ, ರಾಯರೇ?" ಎಂದು ಒಂದು ದಿನ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ವರದಿ ಬಂತು, ಕ್ಷಯವೇ ಎಂದಾಯಿತು, ಔಷಧಿ ಶುರುವಾಯಿತು, ಗುಣವೂ ಆದರು. ಆದರೆ ಮಗು ಮೊದಲ ಹೆಜ್ಜೆ ಇಟ್ಟದ್ದು ತವರಿನಲ್ಲಿ. ಅದನ್ನು ಅವರು ನೋಡಲಿಲ್ಲ.

ಯಾರಿಗೆ ಕಾಯಿಲೆ ಇದೆ, ಯಾರಿಗೆ ಇಲ್ಲ ಎಂದು ತಿಳಿಯದೆ ಒದ್ದಾಡುವುದು ನಮ್ಮ ಊರಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆಮಠ ಬಿಟ್ಟು ಬಯಲಿಗೆ ಹೋದರು. ಪೇಟೆಯ ಇಕ್ಕಟ್ಟಿನಿಂದ ದೂರ, ಗಾಳಿ ಬೆಳಕು ಇರುವ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲಿಯೇ. ರೋಗಿ ಯಾರೆಂದು ಬೇಗ ಗೊತ್ತಾದರೆ ಊರನ್ನೇ ಖಾಲಿ ಮಾಡಬೇಕಿಲ್ಲ.

ಇನ್ನೊಂದು ಸಂಗತಿ. ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ, 1963ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಳ್ಳಿಯವರಿಗೆ ಕಾಯಿಲೆಯ ಬಗ್ಗೆ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ತಿಳಿದಿದ್ದರು. ಕಂಡದ್ದು ಬೇರೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮನೆಗೆ ಮರಳಿದ್ದರು. ಜನ ಬಂದಿದ್ದರು, ಬಂದಲ್ಲಿ ಪರೀಕ್ಷೆ ಇರಲಿಲ್ಲ. ಆದ್ದರಿಂದ ಪರೀಕ್ಷೆ ಬೇಗ ಆದರೆ ಸಾಲದು, ರೋಗಿ ಬಂದ ಜಾಗದಲ್ಲೇ ಆಗಬೇಕು.

ಡಿಎನ್‌ಎಗೆ ಕರೆಂಟು ಏನು ಮಾಡುತ್ತದೆ?

1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಅದೇ ಕರೆಂಟು ಡಿಎನ್‌ಎಯನ್ನು ಕೊಳೆಯಿಂದ ಎಳೆದು ತೆಗೆಯಬಲ್ಲದು. ಹೇಗೆ?

ಡಿಎನ್‌ಎ ಒಂದು ಉದ್ದನೆಯ ಏಣಿ. ಅದರ ಎರಡು ಕಂಬಗಳ ಉದ್ದಕ್ಕೂ ಫಾಸ್ಫೇಟ್ ಎಂಬ ಗುಂಪುಗಳಿವೆ. ಒಂದೊಂದರ ಮೇಲೂ ಋಣ ವಿದ್ಯುತ್, ಅಂದರೆ ಮೈನಸ್. ಬಾಳೆಹಣ್ಣಿಗೆ ಉಪ್ಪು ಹಾಕಿದ್ದು ನೆನಪಿದೆಯೇ? ಉಪ್ಪಿನಲ್ಲಿರುವ ಪ್ಲಸ್ ಕಣಗಳು ಆ ಮೈನಸ್‌ಗಳನ್ನು ಸಮಾಧಾನ ಮಾಡಿದ್ದರಿಂದಲೇ ಎಳೆಗಳು ಒಂದನ್ನೊಂದು ದೂರ ತಳ್ಳದೆ ಗುಂಪುಗೂಡಿದವು. ಈಗ ಡಿಎನ್‌ಎ ಇರುವ ದ್ರವದಲ್ಲಿ ಎರಡು ತಂತಿ ಇಳಿಬಿಟ್ಟು ಬ್ಯಾಟರಿ ಜೋಡಿಸಿದರೆ, ಡಿಎನ್‌ಎ ಪ್ಲಸ್ ಕಡೆಗೆ ಹೊರಡುತ್ತದೆ. ಪ್ರೋಟೀನುಗಳಲ್ಲಿ ಕೆಲವು ಅತ್ತ, ಕೆಲವು ಇತ್ತ, ಒಂದೊಂದೂ ಒಂದೊಂದು ವೇಗದಲ್ಲಿ ಹೋಗುತ್ತವೆ. ವಿದ್ಯುತ್ ಇಲ್ಲದ್ದು ಇದ್ದಲ್ಲೇ ಇರುತ್ತದೆ.

ಈ ಓಟಕ್ಕೆ ಎಲೆಕ್ಟ್ರೊಫೊರೆಸಿಸ್ ಎಂದು ಹೆಸರು. ಸ್ವೀಡನ್ನಿನ ಅರ್ನೆ ಟಿಸೇಲಿಯಸ್ ಇದರಿಂದ ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ 1948ರಲ್ಲಿ ನೊಬೆಲ್ ಪಡೆದರು. ಡಿಎನ್‌ಎಯನ್ನು ಓಡಿಸಲು ಬಳಸುವ ಜೆಲ್ಲಿ ಯಾವುದು ಗೊತ್ತೇ ಅಜ್ಜಿಯರೇ? ಪುಡಿಂಗ್ ಮಾಡಲು ಅಂಗಡಿಯಲ್ಲಿ ಕೊಳ್ಳುವ ಚೀನಾ ಗ್ರಾಸ್ ಇದೆಯಲ್ಲ, ಅದೇ ಜಾತಿಯ ಸಮುದ್ರ ಪಾಚಿಯಿಂದ ತೆಗೆದ ಅಗರೋಸ್. ಅದರ ಸಣ್ಣ ರಂಧ್ರಗಳಲ್ಲಿ ಚಿಕ್ಕ ತುಣುಕು ಬೇಗ ನುಸುಳುತ್ತದೆ, ದೊಡ್ಡದು ಹಿಂದೆ ಬೀಳುತ್ತದೆ. ತುಣುಕುಗಳನ್ನು ಅಳತೆ ಪ್ರಕಾರ ಜೋಡಿಸಲು ಇದು ಚೆನ್ನ. ಕಫದಲ್ಲೋ ರಕ್ತದಲ್ಲೋ ಇರುವ ಅತಿ ಸ್ವಲ್ಪ ಡಿಎನ್‌ಎಯನ್ನು ಬೇಗ ಒಟ್ಟುಗೂಡಿಸಲು ಬೇರೆ ಉಪಾಯ ಬೇಕಾಯಿತು.

ಒಂದು ಉಪಾಯದ ಹೆಸರು ಉದ್ದ: ಐಸೊಟ್ಯಾಕೊಫೊರೆಸಿಸ್. ಅರ್ಥ ಸುಲಭ, 'ಒಂದೇ ವೇಗದಲ್ಲಿ ಸಾಗಿಸುವುದು'. ಕಡಲೆಕಾಯಿ ಪರಿಷೆಯ ದಿನ ಬುಲ್ ಟೆಂಪಲ್ ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಂದೆ ದಾಪುಗಾಲಿನ ಹುಡುಗರ ತಂಡ, ಹಿಂದೆ ನಮ್ಮಂಥ ನಿಧಾನದವರ ತಂಡ, ನಡುವೆ ಒಂದು ಶಾಲೆಯ ಮಕ್ಕಳು. ಮಕ್ಕಳಲ್ಲಿ ಯಾರಾದರೂ ಹಿಂದೆ ಉಳಿದರೆ ಸ್ವಯಂಸೇವಕರು ಮುಂದಕ್ಕೆ ತಳ್ಳುತ್ತಾರೆ, ಮುಂದೆ ಓಡಿದರೆ ತಡೆಯುತ್ತಾರೆ. ಕೊನೆಗೆ ಮಕ್ಕಳೆಲ್ಲ ಎರಡು ತಂಡಗಳ ಸಂದಿನಲ್ಲಿ ಒತ್ತೊತ್ತಾಗಿ ಬಂದು ಸೇರುತ್ತಾರೆ. ಕೊಳವೆಯಲ್ಲೂ ಹಾಗೆಯೇ. ಮುಂದೆ ವೇಗದ ಕಣಗಳ ದ್ರವ, ಹಿಂದೆ ನಿಧಾನದ ಕಣಗಳ ದ್ರವ. ಹಿಂದಿನ ದ್ರವದಲ್ಲಿ ವಿದ್ಯುತ್ತಿನ ಸೆಳೆತ ಜೋರು, ಮುಂದಿನದರಲ್ಲಿ ಕಡಿಮೆ. ಹಾಗಾಗಿ ಹಿಂದುಳಿದ ಡಿಎನ್‌ಎ ಓಡಿ ಬರುತ್ತದೆ, ಮುಂದೆ ಹೋದದ್ದು ನಿಧಾನವಾಗುತ್ತದೆ. ಎರಡರ ಗಡಿಯಲ್ಲಿ ಡಿಎನ್‌ಎ ತೆಳುವಾದ ಪಟ್ಟಿಯಾಗಿ ನಿಲ್ಲುತ್ತದೆ. ಪಿಸಿಆರ್ ಕೆಡಿಸುವ ಕೊಳೆಯ ಬಹುಪಾಲು ಹಿಂದೆ ಉಳಿಯುತ್ತದೆ. ತೊಳೆಯುವುದು, ಗಿರಗಿರ ತಿರುಗಿಸುವುದು ಯಾವುದೂ ಇಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹುವಾನ್ ಸ್ಯಾಂಟಿಯಾಗೊ ಅವರ ತಂಡ ಇದರಲ್ಲಿ ಬಹಳ ಕೆಲಸ ಮಾಡಿದೆ. 2020ರಲ್ಲಿ ಅವರು ಮೂಗಿನ ದ್ರವದಿಂದ ಕೊರೋನಾ ವೈರಸ್ಸಿನ ಆರ್‌ಎನ್‌ಎಯನ್ನು ಪುಟ್ಟ ಚಿಪ್ಪಿನ ಮೇಲೆ ವಿದ್ಯುತ್ತಿನಿಂದಲೇ ಶುಚಿ ಮಾಡಿ, ಪರೀಕ್ಷೆ ಮುಗಿಸಿ, ಸುಮಾರು 35 ನಿಮಿಷದಲ್ಲಿ ಉತ್ತರ ಪಡೆದರು. ಆರ್‌ಎನ್‌ಎ ಎಂದರೆ ಡಿಎನ್‌ಎಯ ದಾಯಾದಿ. ಅದಕ್ಕೂ ಮೈಮೇಲೆ ಮೈನಸ್ಸೇ.

ಇನ್ನೊಂದು ಉಪಾಯ 2013ರದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇ-ಹ್ಯುನ್ ಚುಂಗ್ ಅವರ ತಂಡ ಅತಿ ಸಣ್ಣ ಮೊನೆಗಳನ್ನು ಎಂಜಲು, ಕಫ, ರಕ್ತದಂಥ ದ್ರವದಲ್ಲಿ ಅದ್ದಿ ವಿದ್ಯುತ್ ಕ್ಷೇತ್ರ ಕೊಟ್ಟಿತು. ಕಣಗಳೆಲ್ಲ ಮೊನೆಯತ್ತ ಬರುತ್ತವೆ. ದೊಡ್ಡವು ಬಡಿದು ವಾಪಸು ಹೋಗುತ್ತವೆ, ಡಿಎನ್‌ಎ ಗಾತ್ರದವು ಅಂಟಿಕೊಳ್ಳುತ್ತವೆ. ಮೊನೆಯನ್ನು ಹೊರಗೆ ತೆಗೆದರೆ ಡಿಎನ್‌ಎ ಕೈಗೆ ಬಂದ ಹಾಗೆ. ಇದಕ್ಕೆ ಎರಡು ಮೂರು ನಿಮಿಷ ಸಾಕು ಎಂದು ಅವರು ತೋರಿಸಿದರು.

"ಶಾಕ್ ಹೊಡೆದು ಡಿಎನ್‌ಎ ಸುಟ್ಟುಹೋಗಲ್ವಾ ತಾತ?" ಎಂದಳು ಮೊಮ್ಮಗಳು. ಪ್ರಶ್ನೆ ಸರಿಯಾಗಿಯೇ ಇದೆ. ಎಳೆಯುವುದರಿಂದ ಡಿಎನ್‌ಎ ಸುಡುವುದಿಲ್ಲ. ಆದರೆ ರಕ್ತ, ಕಫಗಳಲ್ಲಿ ಉಪ್ಪು ಇರುತ್ತದೆ, ಉಪ್ಪುನೀರಿನಲ್ಲಿ ಕರೆಂಟು ಜಾಸ್ತಿ ಹರಿಯುತ್ತದೆ, ದ್ರವ ಬಿಸಿಯಾಗುತ್ತದೆ, ತಂತಿಯ ಬಳಿ ಗುಳ್ಳೆ ಏಳುತ್ತವೆ. ಅದನ್ನು ಹದದಲ್ಲಿಡುವುದೇ ಕಷ್ಟ. ಇನ್ನೂ ಒಂದು ತೊಡಕು. ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕುವ ಹೆಪಾರಿನ್‌ನಂಥ ವಸ್ತುವಿಗೂ ಮೈನಸ್ ಇದೆ. ಅದೂ ಡಿಎನ್‌ಎ ಹಿಂದೆಯೇ ಬಂದು ಪಿಸಿಆರ್ ಕೆಡಿಸಬಲ್ಲದು. ಕ್ಷಯದ ರೋಗಾಣುವಿಗಂತೂ ಮೇಣದಂಥ ಗಟ್ಟಿ ಹೊದಿಕೆ. ಅದನ್ನು ಮೊದಲು ಒಡೆಯದಿದ್ದರೆ ಒಳಗಿನ ಡಿಎನ್‌ಎಯನ್ನು ಯಾವ ಕರೆಂಟೂ ಎಳೆಯಲಾರದು.

ರಾಜಾಜಿನಗರದ ಉತ್ತರ

ಹಾಗಾದರೆ ನಮ್ಮವರು ಏನು ಮಾಡಿದ್ದಾರೆ? ಮಲ್ಲೇಶ್ವರದಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಾದ ರಾಜಾಜಿನಗರದಲ್ಲಿ ಬಿಗ್‌ಟೆಕ್ ಲ್ಯಾಬ್ಸ್ ಎಂಬ ಸಂಸ್ಥೆ ಇದೆ. ಅಲ್ಲಿ ಚಂದ್ರಶೇಖರ್ ನಾಯರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಟ್ರೂನ್ಯಾಟ್ ಎಂಬ ಪರೀಕ್ಷೆ ರೂಪಿಸಿದರು. ಇದರಲ್ಲಿ ಎರಡು ಪುಟ್ಟ ಯಂತ್ರಗಳು. ಒಂದು ಕಫದಿಂದ ಡಿಎನ್‌ಎ ಶುಚಿ ಮಾಡುತ್ತದೆ, ಇನ್ನೊಂದು ಸಣ್ಣ ಚಿಪ್ಪಿನ ಮೇಲೆ ಪಿಸಿಆರ್ ಮಾಡುತ್ತದೆ. ಎರಡೂ ಬ್ಯಾಟರಿಯಲ್ಲಿ ನಡೆಯುತ್ತವೆ. ಶುಚಿ ಮಾಡಲು ಸುಮಾರು 20 ನಿಮಿಷ, ಕ್ಷಯ ಇದೆಯೋ ಇಲ್ಲವೋ ತಿಳಿಯಲು ಒಟ್ಟು ಸುಮಾರು ಒಂದು ಗಂಟೆ. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಆ ರೋಗಾಣುವಿಗೆ ತಾಗುತ್ತದೆಯೋ ಇಲ್ಲವೋ ಎಂಬುದನ್ನೂ ಇನ್ನೊಂದು ಚಿಪ್ಪು ಹಾಕಿ ನೋಡಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕ್ಷಯ ಪತ್ತೆಗೆ ಶಿಫಾರಸು ಮಾಡಿತು. ಅದೇ ವರ್ಷ ನಮ್ಮ ದೇಶದಲ್ಲಿ ಕೋವಿಡ್ ಪರೀಕ್ಷೆಗೂ ಬಳಸಿದರು.

ಟ್ರೂನ್ಯಾಟ್‌ನಲ್ಲಿ ಡಿಎನ್‌ಎಯನ್ನು ವಿದ್ಯುತ್ ಕ್ಷೇತ್ರ ಎಳೆಯುವುದಿಲ್ಲ. ಹಿಂದೆ ಹೇಳಿದ ಅಂಟಿಸಿ, ತೊಳೆದು, ಬಿಡಿಸುವ ಕೆಲಸವನ್ನೇ ಒಂದು ಕಾರ್ಟ್ರಿಜ್ಜಿನೊಳಗೆ ಯಂತ್ರವೇ ಮಾಡುತ್ತದೆ. ಆದರೂ ದೊಡ್ಡ ಪ್ರಯೋಗಾಲಯದ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿಗೆ ಬಂತು. ತುಮಕೂರಿನ ಹಳ್ಳಿಯವರು ಅಂದು ಸೀಸೆ ಹಿಡಿದು ಮರಳಿದರಲ್ಲ, ಅಂಥ ಜಾಗಕ್ಕೆ. ವಿದ್ಯುತ್ತಿನ ಉಪಾಯಗಳು ಪೂರ್ತಿ ಪಳಗಿದರೆ ಆ 20 ನಿಮಿಷವೂ ಐದಾಗಬಹುದು, ತೊಳೆಯುವ ರಾಸಾಯನಿಕದ ಖರ್ಚೂ ಉಳಿಯಬಹುದು. ಹೊಟ್ಟೆಪಾಡಿಗೆ ಕೂಲಿ ಬಿಟ್ಟು ಬಂದವರು ವರದಿಗೆಂದು ಇನ್ನೊಂದು ದಿನ ಬರುವುದು ಎಷ್ಟು ಕಷ್ಟ ಎಂಬುದನ್ನು ನೆನೆದರೆ, ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಈ ಕೆಲಸಕ್ಕೆ ಇಳಿಯಬಹುದು. ಮಾಡುವುದು ಇನ್ನೂ ಬೇಕಾದಷ್ಟಿದೆ.

ಅಷ್ಟರವರೆಗೆ ನಮ್ಮ ವಯಸ್ಸಿನವರಿಗೆ ಒಂದು ಮಾತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. 'ವಯಸ್ಸಾಯಿತು, ಕೆಮ್ಮು ಇದ್ದದ್ದೇ' ಎಂದು ಕಷಾಯ ಕುಡಿದು ಕೂರಬೇಡಿ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ. ಮೊಮ್ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇರುವವರು ಇದನ್ನು ಮುಂದೂಡಲೇಬಾರದು.

ಡಬ್ಬಿ ಕೊಟ್ಟಾಗ ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಗಾಳಿಯಾಡುವ ಜಾಗದಲ್ಲಿ ನಿಂತು, ಎರಡು ಮೂರು ಸಲ ಉಸಿರು ಆಳಕ್ಕೆ ಎಳೆದು, ಎದೆಯೊಳಗಿನಿಂದ ಕೆಮ್ಮಿ ಕಫ ತೆಗೆಯಿರಿ. ಮುಚ್ಚಳ ಬಿಗಿಯಾಗಿ ಹಾಕಿ. ಡಬ್ಬಿಗೆ ಬರೀ ಎಂಜಲು ಬಿದ್ದರೆ ಎಂಥ ಯಂತ್ರಕ್ಕೂ ಅದರಲ್ಲಿ ಆರಿಸಲು ಏನೂ ಸಿಗುವುದಿಲ್ಲ.